ಉಕ್ಕಿನ ಅಂಗಿ

ಮುಂಬಯಿಗೆ ಹೊಸದಾಗಿ ಬಂದ ಕನ್ನಡಿಗನಿಗೆ ಕುರ್ಲಾದ ‘ಭಂಗಾರ’ದ ಅಂಗಡಿಗಳನ್ನು ಕಂಡರೆ ನಗೆ. ನಮ್ಮಲ್ಲಿ ಬಂಗಾರವೆಂದರೆ ಚಿನ್ನ, ಇಲ್ಲಿ ಭಂಗಾರವೆಂದರೆ ಗುಜರಿ. ಒಂದು ಮಹಾಪ್ರಾಣದ ಅಂತರ! ಯುರೋಪಿನ ಹಳೆಯ ಉಕ್ಕಿನ ಕವಚಗಳ ಕಥೆಯೂ ಹೀಗೆಯೇ.

ಹದಿನೈದು, ಹದಿನಾರನೆಯ ಶತಮಾನಗಳಲ್ಲಿ ಮಿಲಾನ್, ಆಗ್ಸ್‌ಬರ್ಗ್, ನ್ಯೂರೆಂಬರ್ಗ್ ಪಟ್ಟಣಗಳ ಕುಶಲ ಕಮ್ಮಾರರು ತಲೆಯಿಂದ ಕಾಲ್ಬೆರಳಿನವರೆಗೆ ಉಕ್ಕಿನ ಅಂಗಿ ‘ಹೊಲಿಯು’ತ್ತಿದ್ದರು. ತೂಕ ಸುಮಾರು 20ರಿಂದ 25 ಕಿಲೋ. ಅದನ್ನು ತೊಟ್ಟವನನ್ನು ರಾಟೆ ಹಾಕಿ ಕುದುರೆಗೆ ಏರಿಸಬೇಕಾಗಿತ್ತೆಂಬುದು ಬರಿಯ ಕಟ್ಟುಕಥೆ. ಭಾರವೆಲ್ಲ ಮೈಮೇಲೆ ಹಂಚಿಹೋಗುವುದರಿಂದ ಆತ ಓಡಬಲ್ಲ, ತಾನೇ ಕುದುರೆ ಹತ್ತಬಲ್ಲ. ಜಾಣ್ಮೆಯೆಲ್ಲ ಕೀಲುಗಳಲ್ಲಿದೆ. ಅಲ್ಲಿ ಸಣ್ಣ ಪಟ್ಟಿಗಳು ಸಿಗಡಿಯ ಚಿಪ್ಪಿನಂತೆ ಒಂದರ ಮೇಲೊಂದು ಜಾರುತ್ತವೆ. ನಮ್ಮ ಕರಾವಳಿಯವರಿಗೆ ಇದಕ್ಕಿಂತ ವಿವರಣೆ ಬೇಡ. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಸಂಗ್ರಹಾಲಯದಲ್ಲಿ 1912ರಲ್ಲಿ ಆಯುಧ ವಿಭಾಗ ತೆರೆದಾಗ ಅದರ ಮೊದಲ ಮುಖ್ಯಸ್ಥ ಬ್ಯಾಷ್‌ಫರ್ಡ್ ಡೀನ್ ಮೂಲತಃ ಮೀನಿನ ಶಾಸ್ತ್ರಜ್ಞ!

ಸಂಗ್ರಹಕಾರರಿಗೆ ಮೋಸವೂ ಉಂಟು. 1839ರಲ್ಲಿ ಸ್ಕಾಟ್ಲೆಂಡಿನ ಎಗ್ಲಿಂಟನ್‌ನಲ್ಲಿ ಶ್ರೀಮಂತರು ಹಳೆಯ ಕಾಲದ ಕಾಳಗದ ಆಟವಾಡಿದರು (ಮಳೆ ಬಂದು ಎಲ್ಲರೂ ತೊಯ್ದರು). ಆ ಶತಮಾನದ ಹುಚ್ಚಿಗೆ ತಕ್ಕಂತೆ ನಕಲಿ ಕವಚಗಳೂ ಹುಟ್ಟಿಕೊಂಡವು. ಬಲ್ಲವರು ಹೊಳಪಿಗೆ ಮರುಳಾಗದೆ ಕವಚವನ್ನು ಮಗುಚಿ ಒಳಮೈ ನೋಡುತ್ತಾರೆ. ಕೈಯಿಂದ ಬಡಿದದ್ದಾದರೆ ಅಲ್ಲಿ ಸುತ್ತಿಗೆಯ ಗುರುತಿರುತ್ತದೆ. ಎದೆಯ ಬಳಿ ದಪ್ಪ, ಅಂಚಿನಲ್ಲಿ ತೆಳು. ಎಲ್ಲೆಡೆ ಒಂದೇ ದಪ್ಪವಾದರೆ ಅದು ಕಾರ್ಖಾನೆಯ ತಗಡೆಂದೇ ಸಂಶಯ.

ಆದರೆ ನನ್ನ ಮನಸ್ಸನ್ನು ಹೆಚ್ಚು ಕಾಡುವುದು ಬೇರೊಂದು ಸಂಗತಿ. ಆಸ್ಟ್ರಿಯಾದ ಗ್ರಾಟ್ಸ್ ಪಟ್ಟಣದ ಆಯುಧಾಗಾರವನ್ನು 1749ರಲ್ಲಿ ರಾಣಿ ಮರಿಯಾ ತೆರೇಸಾ ಮುಚ್ಚಿಸಹೊರಟಳು. ಆ ಪ್ರಾಂತದ ಪ್ರಮುಖರು, ಇದು ನಮ್ಮ ಪೂರ್ವಿಕರ ನೆನಪು, ಇರಗೊಡಿಸಬೇಕೆಂದು ಬೇಡಿಕೊಂಡರು. ರಾಣಿ ಒಪ್ಪಿದಳು. ಇಂದು ಅಲ್ಲಿ ಸುಮಾರು 32,000 ವಸ್ತುಗಳಿವೆ. ನಮ್ಮ ತಂಜಾವೂರಿನಲ್ಲಿ? ವಿಜಯನಗರದ ಅಧೀನದಲ್ಲಿ ತಲೆಯೆತ್ತಿದ ನಾಯಕರು, ಅನಂತರ ಮರಾಠ ಅರಸರು ಆಳಿದ ಊರು ಅದು. ಅರಮನೆಯ ಆಯುಧಗಳಲ್ಲಿ ಬಹುಪಾಲನ್ನು 1863ರಲ್ಲಿ ಮುರಿದು ಗುಜರಿ ಲೋಹವಾಗಿ ಮಾರಿದರು. ಮದರಾಸಿನ ಸರಕಾರಿ ವಸ್ತುಸಂಗ್ರಹಾಲಯ ಸೇರಿದ ಕೆಲವು ಮಾತ್ರ ಉಳಿದವು. ಬೇಡಿಕೊಳ್ಳುವವರು ಇರಲಿಲ್ಲವೋ, ಕೇಳುವವರು ಇರಲಿಲ್ಲವೋ!

ಮನೆಯಲ್ಲಿ ಅಜ್ಜನ ಕಾಲದ ಕತ್ತಿ ಗುರಾಣಿ ಇದ್ದವರು ತೂಕಕ್ಕೆ ಹಾಕುವ ಮುನ್ನ ಬಲ್ಲವರಿಗೆ ತೋರಿಸಿರಿ. ನೂರು ವರ್ಷ ದಾಟಿದ ಇಂಥ ವಸ್ತು 1972ರ ಕಾಯಿದೆಯಂತೆ ಪುರಾತನ ವಸ್ತು. ಖಾಸಗಿಯವರು ವಿದೇಶಕ್ಕೆ ಸಾಗಿಸುವಂತಿಲ್ಲ.

ಮಕ್ಕಳಿಗೆ ಕವಚ ತೋರಿಸಲು ಆಸ್ಟ್ರಿಯಾಕ್ಕೆ ಹೋಗಬೇಕಾಗಿಲ್ಲ. ಹಾರ್ಬರ್ ಗಾಡಿ ಹಿಡಿದು ಕೊನೆಯ ನಿಲ್ದಾಣದಲ್ಲಿ ಇಳಿದು ಛತ್ರಪತಿ ಶಿವಾಜಿ ಮಹಾರಾಜ್ ವಸ್ತುಸಂಗ್ರಹಾಲಯಕ್ಕೆ ಹೋದರೆ ಅಕ್ಬರನ ಎದೆಕವಚವೂ ಗುರಾಣಿಯೂ ಉಂಟು. ನಮ್ಮ ದೇಶದ ಪದ್ಧತಿಯಲ್ಲಿ ಎದೆ, ಬೆನ್ನು, ಎರಡು ಪಕ್ಕೆಗಳಿಗೆ ನಾಲ್ಕೇ ತಗಡು; ಹೆಸರು ‘ಚಾರ್ ಆಯಿನಾ’, ಅಂದರೆ ನಾಲ್ಕು ಕನ್ನಡಿ. ಉಳಿದ ಮೈಗೆ ಉಕ್ಕಿನ ಬಳೆಗಳ ಜಾಲ.