ಮಿಂಚೋ ಟಾಪು, ಕೆಳಗೆ ತುಕ್ಕು

ಹಳೇ ಕಾರುಗಳ ತಲೆ ಮೇಲೆ ಕಪ್ಪು ರೆಕ್ಸಿನ್ ಥರದ್ದು ಹೊದಿಸಿರೋದನ್ನ ನೀವು ಎಲ್ಲಾದರೂ ನೋಡಿರಬಹುದು. ಅದಕ್ಕೆ ವಿನೈಲ್ ಟಾಪ್ ಅಂತಾರೆ. ಒಂದು ಕಾಲದಲ್ಲಿ ಪದ್ಮಿನಿ, ಅಂಬಾಸಿಡರ್ ಇಟ್ಟುಕೊಂಡಿದ್ದ ಕೆಲವರು ಶೋಕಿಗೆ ಇದನ್ನ ಹಾಕಿಸುತ್ತಿದ್ದರು. ಇಂಥ ಕಾರು ಮದುವೆಗೋ ಹಬ್ಬಕ್ಕೋ ಹೊರಗೆ ಬರಬೇಕು ಅಂದರೆ ಒಂದು ಶಾಸ್ತ್ರ ತಪ್ಪದೆ ನಡೆಯುತ್ತೆ. ವಾಟರ್ ಸರ್ವಿಸ್‌ಗೆ ಹೋಗಿ ಜೋರಾಗಿ ನೀರು ಹೊಡೆಸೋದು, ಆಮೇಲೆ ಪಾಲಿಶ್ ಬಳಿಯೋದು. ಟಾಪು ಮಿರಮಿರ ಮಿಂಚುತ್ತೆ, ಫೋಟೋ ಚೆನ್ನಾಗಿ ಬರುತ್ತೆ, ಎಲ್ಲರಿಗೂ ಖುಷಿ.

ನನ್ನ ಪ್ರಕಾರ ಆ ಕಾರನ್ನ ಹಾಳು ಮಾಡ್ತಿರೋದೇ ಈ ಶಾಸ್ತ್ರ.

ಯಾಕೆ ಅಂತ ಹೇಳೋಕೆ ಮೊದಲು ಈ ಟಾಪ್ ಏನು ಅಂತ ನೋಡೋಣ. ಅರವತ್ತು, ಎಪ್ಪತ್ತರ ದಶಕದಲ್ಲಿ ಅಮೆರಿಕದಲ್ಲಿ ಇದು ದೊಡ್ಡ ಫ್ಯಾಷನ್. 1962ರ ಫೋರ್ಡ್ ಥಂಡರ್‌ಬರ್ಡ್ ಲ್ಯಾಂಡೋ ಇದಕ್ಕೆ ಹೆಸರುವಾಸಿ. ಬಟ್ಟೆಯ ಟಾಪ್ ಮಡಚಿ ಓಡಿಸೋ ಕನ್ವರ್ಟಿಬಲ್ ಕಾರಿನ ಲುಕ್ ಬೇಕು, ಆದ್ರೆ ತಗಡಿನ ಟಾಪೇ ಇರಬೇಕು. ಅದಕ್ಕೆ ತಗಡಿನ ಮೇಲೆ ಗಮ್ ಹಚ್ಚಿ ವಿನೈಲ್ ಅಂಟಿಸಿದರು. ಅಂದರೆ ಇದು ಮೂರು ಪದರದ ವ್ಯವಸ್ಥೆ: ಮೇಲೆ ಪಿವಿಸಿ, ಅದರ ಬೆನ್ನಿಗೆ ಬಟ್ಟೆ, ಕೆಳಗೆ ಉಕ್ಕಿನ ತಗಡು. ನಡುವೆ ಹೊಲಿಗೆ, ಅಂಚಿನಲ್ಲಿ ಲೋಹದ ಪಟ್ಟಿ.

ಈಗ ಪ್ರತಿ ಪದರಕ್ಕೂ ಶತ್ರು ಯಾರು ಅಂತ ಕೇಳಿಕೊಳ್ಳಿ.

ಪಿವಿಸಿ ಹುಟ್ಟಿನಿಂದ ಗಟ್ಟಿ ಪದಾರ್ಥ. ಮನೆಯ ನೀರಿನ ಪೈಪ್ ನೆನಪಿಸಿಕೊಳ್ಳಿ. ಶುದ್ಧ ಪಿವಿಸಿಯ ಗ್ಲಾಸ್ ಟ್ರಾನ್ಸಿಷನ್ ತಾಪಮಾನ ಸುಮಾರು 80 ಡಿಗ್ರಿ ಸೆಲ್ಸಿಯಸ್. 1926ರಲ್ಲಿ ಬಿ.ಎಫ್. ಗುಡ್‌ರಿಚ್ ಕಂಪನಿಯ ವಾಲ್ಡೊ ಸೆಮನ್ ಅದನ್ನ ಮೆತ್ತಗೆ ಮಾಡೋ ದಾರಿ ಕಂಡುಕೊಂಡ. ಪ್ಲಾಸ್ಟಿಸೈಸರ್ ಬೆರೆಸಿದರೆ ಅದೇ ಪಿವಿಸಿ ಬಟ್ಟೆ ಥರ ಬಾಗುತ್ತೆ. ಆದರೆ ಈ ಪ್ಲಾಸ್ಟಿಸೈಸರ್ ಪಾಲಿಮರ್ ಜೊತೆ ರಾಸಾಯನಿಕವಾಗಿ ಬೆಸೆದುಕೊಂಡಿರಲ್ಲ, ಸುಮ್ಮನೆ ಮಧ್ಯೆ ಸೇರಿಕೊಂಡಿರುತ್ತೆ. ಬಿಸಿಲಿಗೆ ನಿಧಾನವಾಗಿ ಹೊರಗೆ ಹೋಗುತ್ತೆ. ಪೆಟ್ರೋಲು, ಥಿನ್ನರ್ ಸೋಕಿದರೆ ಇನ್ನೂ ಬೇಗ. ಅದು ಹೋದಮೇಲೆ ವಿನೈಲ್ ಗಟ್ಟಿಯಾಗಿ, ಕುಗ್ಗಿ, ಬಿರುಕು ಬಿಡುತ್ತೆ. ಕೊಳೆ ತೆಗೀತೀನಿ ಅಂತ ಥಿನ್ನರ್ ಬಟ್ಟೆಯಲ್ಲಿ ಉಜ್ಜಿದಾಗ ಬಟ್ಟೆ ಕಪ್ಪಾಗುತ್ತಲ್ಲ, ಅದರಲ್ಲಿ ಕೊಳೆ ಮಾತ್ರ ಇರಲ್ಲ. ಟಾಪಿನ ಬಣ್ಣವೂ ಬಂದಿರುತ್ತೆ.

ಬೆನ್ನಿನ ಬಟ್ಟೆಗೆ ಶತ್ರು ನೀರು. ಬಿರುಕಿನಿಂದಲೋ ಬಿಟ್ಟ ಹೊಲಿಗೆಯಿಂದಲೋ ಒಳಗೆ ಹೋದ ನೀರನ್ನ ಅದು ಸ್ಪಂಜಿನ ಹಾಗೆ ಹಿಡಿದಿಟ್ಟುಕೊಳ್ಳುತ್ತೆ. ವಾಟರ್ ಸರ್ವಿಸ್‌ನ ಪ್ರೆಶರ್ ಪೈಪನ್ನ ಹೊಲಿಗೆಗೆ ನೇರ ಹಿಡಿದರೆ ನೀರನ್ನ ನಾವೇ ಒಳಗೆ ತುಂಬಿದ ಹಾಗೆ. ಬಟ್ಟೆಯ ಕೆಳಗಿರೋ ತಗಡಿಗೆ ಏನಾಗುತ್ತೆ ಅಂತ ಕೆಮಿಸ್ಟ್ರಿ ಲ್ಯಾಬ್ ಮುಗಿಸಿದವರಿಗೆ ಹೇಳಬೇಕಾಗಿಲ್ಲ. ಹಿಂದಿನ ಗಾಜಿನ ಸುತ್ತಲಿನ ಅಂಚಲ್ಲಿ ನೀರು ನಿಲ್ಲೋದರಿಂದ ಸಾಮಾನ್ಯವಾಗಿ ಅಲ್ಲೇ ಮೊದಲು ತುಕ್ಕು ಶುರುವಾಗುತ್ತೆ. ಹೊರಗಿಂದ ಕಾಣಲ್ಲ. ವಿನೈಲ್ ಗುಳ್ಳೆ ಎದ್ದಾಗಲೇ ಗೊತ್ತಾಗೋದು. ಅಷ್ಟರಲ್ಲಿ ಮೇಲೆ ಪಾಲಿಶ್ ಇದ್ದರೆ, ಆ ಸಣ್ಣ ಬಿರುಕು ಗುಳ್ಳೆಗಳೆಲ್ಲ ಹೊಳಪಿನಲ್ಲಿ ಮುಚ್ಚಿಹೋಗುತ್ತವೆ. ನನ್ನ ತಕರಾರು ಇದೇ. ಪಾಲಿಶ್ ರೋಗ ವಾಸಿ ಮಾಡಲ್ಲ, ರೋಗ ಕಾಣದ ಹಾಗೆ ಮಾಡುತ್ತೆ.

ನಮ್ಮ ಜಿಲ್ಲೆಯಲ್ಲಿ ಇನ್ನೊಂದು ಸಮಸ್ಯೆ ಇದೆ, ಮಾವಿನಮರ. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ನಾಲ್ಕೂ ಕಡೆ ತೋಟಗಳಿವೆ. ಗ್ಯಾರೇಜ್ ಇಲ್ಲದ ಮನೆಯಲ್ಲಿ ಕಾರು ನಿಲ್ಲೋದು ಮರದ ಕೆಳಗೇ. ಹೂ ಬಿಡೋ ಕಾಲಕ್ಕೆ ಜಿಗಿಹುಳು ಬರುತ್ತೆ, ಅದರಿಂದ ಸಿಹಿ ಅಂಟು ಸುರಿಯುತ್ತೆ. ಆ ಅಂಟಿನ ಮೇಲೆ ಕಪ್ಪು ಬೂಷ್ಟು ಬೆಳೆಯುತ್ತೆ. ವಿನೈಲ್‌ನಲ್ಲಿ ಚರ್ಮದ ಥರ ಗೆರೆಗಳಿರೋದರಿಂದ ಬೂಷ್ಟು ಆ ಸಂದಿಗಳಲ್ಲಿ ಕೂತುಬಿಡುತ್ತೆ. ಧರ್ಮಸ್ಥಳದ ಮಂಜೂಷಾ ಸಂಗ್ರಹಾಲಯದ ಹಳೇ ಕಾರುಗಳಿಗೆ ಸೂರಿದೆ, ನೋಡಿಕೊಳ್ಳೋ ಜನ ಇದ್ದಾರೆ. ನಮ್ಮ ಕಾರುಗಳಿಗೆ ಇರೋದು ಮಾವಿನಮರ ಮತ್ತೆ ನಾವು.

"ನಮ್ಮ ಕಾರು" ಅಂದೆ. ಚನ್ನಪಟ್ಟಣದ ಹತ್ತಿರ ನಮ್ಮ ದೊಡ್ಡಪ್ಪನ ಮನೆಯಲ್ಲಿ 1978ರ ಪದ್ಮಿನಿ ಇದೆ. ತಾತ ತಗೊಂಡಿದ್ದು, ವಿನೈಲ್ ಆಮೇಲೆ ಹಾಕಿಸಿದ್ದು. ಮನೆಯಲ್ಲಿ ಈಗ ಎರಡು ಪಕ್ಷ. "ಲೋ, ಇದನ್ನ ಕಿತ್ತಾಕಿ ಪೇಂಟ್ ಹೊಡೆಸಿದ್ರೆ ಮುಗೀತು" ಅಂತಾರೆ ದೊಡ್ಡಪ್ಪ. "ತಾತನ ಕಾರು ಅಂದ್ರೆ ಆ ಕಪ್ಪು ಟಾಪೇ, ಅದಿಲ್ಲದೆ ಏನು ಚೆಂದ" ಅಂತಾರೆ ಅತ್ತೆ.

ಇದು ಬರೀ ಸೆಂಟಿಮೆಂಟ್ ವಿಷಯ ಅಲ್ಲ. 2021ರ ಜುಲೈನಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ವಾಹನಗಳ ನೋಂದಣಿಗೆ ನಿಯಮ ತಂದಿದೆ. ಮೊದಲ ನೋಂದಣಿಯಾಗಿ 50 ವರ್ಷ ದಾಟಿರಬೇಕು, ಮೂಲ ರೂಪದಲ್ಲಿರಬೇಕು, ಚಾಸಿ, ಬಾಡಿ ಶೆಲ್, ಎಂಜಿನ್ ಬದಲಾಯಿಸಿರಬಾರದು. ಶುಲ್ಕ 20,000 ರೂಪಾಯಿ, 10 ವರ್ಷಕ್ಕೆ ಮಾನ್ಯ. ದಿನಾ ಓಡಿಸೋ ಹಾಗಿಲ್ಲ, ಪ್ರದರ್ಶನ, ರ‍್ಯಾಲಿ ಅಂಥದ್ದಕ್ಕೆ ಮಾತ್ರ. ನಮ್ಮ ಪದ್ಮಿನಿಗೆ 2028ಕ್ಕೆ 50 ತುಂಬುತ್ತೆ. ವಿನೈಲ್ ಹೋದರೆ ಹೊಸದು ಹಾಕಿಸಬಹುದು. ಆದ್ರೆ ಟಾಪಿನ ತಗಡು ಬಾಡಿ ಶೆಲ್‌ನ ಭಾಗ. ಅದು ತೂತುಬಿದ್ದು, ಕತ್ತರಿಸಿ ಬೇರೆ ಬೆಸೆಯೋ ಹಂತಕ್ಕೆ ಬಂದರೆ "ಮೂಲ ರೂಪ" ಅಂತ ಧೈರ್ಯವಾಗಿ ಹೇಳೋದು ಕಷ್ಟ. 2023ರ ಅಕ್ಟೋಬರ್‌ನಲ್ಲಿ ಮುಂಬೈ ರಸ್ತೆಯಿಂದ ಪದ್ಮಿನಿ ಟ್ಯಾಕ್ಸಿಗಳು ಹೋದವು. ಉಳಿದಿರೋ ಪದ್ಮಿನಿಗಳು ಉಳಿಯೋದು ಇಂಥ ಮನೆಗಳಲ್ಲೇ.

ಹಾಗಾದ್ರೆ ಏನು ಮಾಡಬೇಕು? ದೊಡ್ಡ ಖರ್ಚಿಲ್ಲ. ನೆರಳಲ್ಲಿ, ಟಾಪು ತಣ್ಣಗಿರುವಾಗ ಮೊದಲು ಬರೀ ನೀರು ಹಾಕಿ ಧೂಳು ಇಳಿಸಿ. ಇಲ್ಲದಿದ್ದರೆ ನಮ್ಮ ಕಡೆ ಕಲ್ಲುಪುಡಿ ಧೂಳು ಉಪ್ಪುಕಾಗದದ ಥರ ಉಜ್ಜುತ್ತೆ. ಆಮೇಲೆ ಕಾರ್ ಶಾಂಪೂ ನೀರಲ್ಲಿ ಕದಡಿ, ಮೃದುವಾದ ಬ್ರಷ್‌ನಲ್ಲಿ ಒಂದೊಂದೇ ಭಾಗ ತಿಕ್ಕಿ. ನೊರೆ ಒಣಗೋಕೆ ಬಿಡದೆ ತೊಳೀರಿ. ಪೆಟ್ರೋಲು, ಸೀಮೆಎಣ್ಣೆ, ಥಿನ್ನರ್, ಬ್ಲೀಚ್ ಯಾವುದೂ ಬೇಡ. ಹತ್ತಿ ಬಟ್ಟೆಯಲ್ಲಿ ಒರೆಸಿ, ಪೂರ್ತಿ ಒಣಗಲಿ.

ಆಮೇಲಿನ ಕೆಲಸವೇ ಮುಖ್ಯ, ಮತ್ತೆ ಅದನ್ನೇ ಯಾರೂ ಮಾಡಲ್ಲ. ಹೊಲಿಗೆಯುದ್ದಕ್ಕೂ, ಗಾಜಿನ ಅಂಚಿನುದ್ದಕ್ಕೂ ಬೆರಳಾಡಿಸಿ ನೋಡಿ. ಗುಳ್ಳೆ ಇದೆಯಾ? ಒತ್ತಿದರೆ ಕರಕರ ಅನ್ನುತ್ತಾ? ಕರಕರ ಅಂದರೆ ತುಕ್ಕು ಅಂತ ಅನುಮಾನಪಡಿ. ಅಲ್ಲಿ ಮಾತ್ರ ಬಿಚ್ಚಿಸಿ ನೋಡಿ, ತುಕ್ಕು ಕೆರೆಸಿ, ಪ್ರೈಮರ್ ಹೊಡೆಸಿ, ಮತ್ತೆ ಅಂಟಿಸಬಹುದು. ಎಲ್ಲ ಸರಿ ಇದ್ದರೆ ನೀರಿನ ಆಧಾರದ, ಯುವಿ ತಡೆಯೋ ಪ್ರೊಟೆಕ್ಟೆಂಟ್ ಅನ್ನ ತೆಳ್ಳಗೆ ಹಚ್ಚಿ. ಕೊಬ್ಬರಿ ಎಣ್ಣೆ, ಜಿಡ್ಡು ಪಾಲಿಶ್ ಹಚ್ಚಿದರೆ ಧೂಳು ಅಂಟಿಕೊಳ್ಳುತ್ತೆ ಅಷ್ಟೇ. ಟಾರ್ಪಾಲ್ ಹೊದಿಸಬೇಡಿ, ಒಳಗೆ ತೇವ ಕಟ್ಟುತ್ತೆ. ಗಾಳಿಯಾಡೋ ಬಟ್ಟೆ ಕವರ್ ಸಾಕು.

ದೊಡ್ಡಪ್ಪನ ವಾದದಲ್ಲೂ ಸತ್ಯ ಇದೆ. ತಗಡು ಪೂರ್ತಿ ತುಕ್ಕು ಹಿಡಿಯೋಕೆ ಶುರುವಾಗಿದ್ದರೆ ವಿನೈಲ್ ಕಿತ್ತು ತಗಡು ಉಳಿಸೋದೇ ಸರಿ, ಅತ್ತೆಗೆ ಬೇಜಾರಾದರೂ. ಆದ್ರೆ ಆ ತೀರ್ಮಾನ ನೋಡಿದ ಮೇಲೆ ಆಗಲಿ. ನೋಡದೆ ಕೀಳೋದೂ ತಪ್ಪು, ನೋಡದೆ ಮಿಂಚಿಸೋದೂ ತಪ್ಪು.

ಇದನ್ನ ಅರ್ಥ ಮಾಡಿಕೊಳ್ಳೋಕೆ ದೂರ ಹೋಗಬೇಕಿಲ್ಲ. ಚನ್ನಪಟ್ಟಣದ ಬೊಂಬೆ ಮಾಡೋರು ತಿರುಗೋ ಮರಕ್ಕೆ ಅರಗಿನ ಕಡ್ಡಿ ಒತ್ತಿ ಹಿಡಿದಾಗ ಉಜ್ಜಾಟದ ಬಿಸಿಗೆ ಅರಗು ಕರಗಿ ಮರಕ್ಕೆ ಹಿಡಿಯುತ್ತೆ, ಆಮೇಲೆ ತಾಳೆಗರಿಯಲ್ಲಿ ತಿಕ್ಕಿ ನುಣುಪು ತರ್ತಾರೆ. ಆದ್ರೆ ಅದಕ್ಕೂ ಮೊದಲು ಆಲೆಮರದ ತುಂಡನ್ನ ಚೆನ್ನಾಗಿ ಒಣಗಿಸಿರ್ತಾರೆ. ಒಳಗೆ ಹಸಿ ಇದ್ದರೆ ಮೇಲಿನ ಬಣ್ಣ ನಿಲ್ಲಲ್ಲ ಅಂತ ಅವರಿಗೆ ಗೊತ್ತು. ನಾವು ಕೋಟಿಂಗ್ ಅಂತ ಒಂದು ಪೂರ್ತಿ ಯೂನಿಟ್ ಓದಿ, ಪರೀಕ್ಷೆ ಬರೆದು, ಮರೆತುಬಿಡ್ತೀವಿ.

ನಮ್ಮ ಪ್ರಾಜೆಕ್ಟ್‌ಗಳೂ ಹಾಗೇ ಅಲ್ವಾ? ಹೊಸದು ಮಾಡೋರಿಗೆ ಮಾರ್ಕ್ಸ್ ಇದೆ. ಇರೋದನ್ನ ಉಳಿಸೋರಿಗೆ ಯಾವ ಕಾಲಮ್ಮೂ ಇಲ್ಲ. ಮೇಂಟೆನೆನ್ಸ್ ಅಂದರೆ ಎಂಜಿನಿಯರ್ ಕೆಲಸ ಅಲ್ಲ ಅನ್ನೋ ಭಾವನೆ ನಮ್ಮಲ್ಲೇ ಇದೆ, ನನಗೆ ಅದು ಒಪ್ಪಿಗೆ ಇಲ್ಲ. ಮೂರು ಪದರ, ಮೂರು ಥರದ ಹಾಳಾಗುವಿಕೆ, ಒಂದಕ್ಕೆ ಔಷಧಿ ಹಾಕಿದರೆ ಇನ್ನೊಂದಕ್ಕೆ ಅಪಾಯ. ಇದಕ್ಕಿಂತ ಒಳ್ಳೇ ಮೆಟೀರಿಯಲ್ಸ್ ಪ್ರಶ್ನೆ ಎಲ್ಲಿ ಸಿಗುತ್ತೆ?

ನಿಮ್ಮ ಊರಲ್ಲಿ ವಿನೈಲ್ ಟಾಪ್ ಇರೋ ಹಳೇ ಕಾರಿದ್ದರೆ, ರೆಕ್ಸಿನ್ ಹುಡ್ಡಿನ ಜೀಪೋ ಆಟೋನೋ ಇದ್ದರೂ ಸರಿ, ಈ ರಜೆಯಲ್ಲಿ ಒಂದು ಬಕೆಟ್ ನೀರು, ಒಂದು ಬ್ರಷ್ ತಗೊಂಡು ಹೋಗಿ. ಪಾಲಿಶ್ ಡಬ್ಬ ಮನೇಲೇ ಇರಲಿ. ತಗಡು ಇದ್ದರೆ ಮೊದಲು ಅಂಚು ಒತ್ತಿ ನೋಡಿ.