ನಾಯಿಗೆ ಉಪ್ಪುನೀರು ಕುಡಿಸುವ ಪಂಡಿತರಿಗೆ...

ಹಾನಗಲ್, ಶಿಗ್ಗಾಂವಿ, ಸವಣೂರು, ಹಿರೇಕೆರೂರು... ನಮ್ಮ ಕಡೆ ಯಾವ ಊರಿಗೆ ಹೋದರೂ ಒಂದೇ ವೈದ್ಯ. ನಾಯಿ ವಿಷ ತಿಂತೇ? "ಉಪ್ಪುನೀರು ಹೊಯ್ಯೋ, ವಾಂತಿ ಮಾಡ್ಲಿ!" ಇಬ್ಬರು ಬಾಯಿ ಹಿಡೀತಾರೆ, ಒಬ್ಬ ಸುರೀತಾನೆ. ನಾಯಿ ಸತ್ತರೆ "ವಿಷ ಭಾಳ ಇತ್ತು ಬಿಡು" ಅಂತಾರೆ. ಕೊಂದದ್ದು ವಿಷವೋ ಉಪಚಾರವೋ ಅಂತ ಯಾರೂ ಕೇಳುವುದಿಲ್ಲ!

ಸ್ವಲ್ಪ ಯೋಚಿಸಿ. ಸಂಡಾಸಿನ ಆ್ಯಸಿಡ್ ಒಳಗೆ ಹೋಗುವಾಗ ಗಂಟಲು ಸುಡುತ್ತದೆ. ವಾಂತಿ ಮಾಡಿಸಿದರೆ ಅದೇ ಗಂಟಲು ಎರಡನೇ ಸಲ ಸುಡುತ್ತದೆ. ಸೀಮೆಎಣ್ಣೆ, ಫಿನಾಯಿಲ್ ಆದರೆ ವಾಂತಿಯ ಜೊತೆ ಶ್ವಾಸಕೋಶಕ್ಕೂ ಇಳಿಯಬಹುದು. ಜಿಂಕ್ ಫಾಸ್ಫೈಡ್ ಎಂಬ ಕಪ್ಪು ಇಲಿ ಪುಡಿ ಹೊಟ್ಟೆಯ ಆಮ್ಲ ಸೇರಿದರೆ ಫಾಸ್ಫೀನ್ ಅನಿಲವಾಗುತ್ತದೆ. ಆ ವಾಂತಿಯ ಗಾಳಿ ಬಾಯಿ ಹಿಡಿದವನಿಗೂ ಅಪಾಯ. ಇನ್ನು ಅತಿಯಾದ ಉಪ್ಪು ನಾಯಿಗೆ ತಾನೇ ಒಂದು ವಿಷ. ಹಾಲು ವಿಷ ಎಳೆಯುತ್ತದೆ ಅನ್ನುವುದೂ ಬರೀ ನಂಬಿಕೆ.

ಇನ್ನೊಂದು ಮಹಾಪಾಪ ಉಂಟು. ಉಣ್ಣಿ ಹೋಗಲಿ ಅಂತ ಹತ್ತಿಗೆ ಹೊಡೆಯುವ 'ಎಣ್ಣೆ'ಯನ್ನೇ ನಾಯಿಗೆ ಬಳಿಯುವುದು! ಅದು ಚರ್ಮದಿಂದ ಒಳಗಿಳಿಯುತ್ತದೆ, ಮೈ ನೆಕ್ಕಿದಾಗ ಬಾಯಿಗೂ ಹೋಗುತ್ತದೆ. ಜೊಲ್ಲು ಸುರಿಸಿ, ನಡುಗಿ ಬಿದ್ದ ಮೇಲೆ ಮತ್ತೆ ಅದೇ ಉಪ್ಪುನೀರು. ಫೋರೇಟ್ ಗುಳಿಗೆಯ ಬಳಕೆ 2020ರ ಡಿಸೆಂಬರ್ 31ರಿಂದ ನಿಷೇಧವಾಗಿದೆ. ನಿಮ್ಮ ಅಟ್ಟದ ಮೇಲಿನ ಹಳೇ ಚೀಲಕ್ಕೆ ಆ ಸುದ್ದಿ ಮುಟ್ಟಿದೆಯೇ?

ಮಾಡಬೇಕಾದ್ದು ಇಷ್ಟೇ ಸ್ವಾಮಿ. ಮೈಮೇಲೆ ಬಿದ್ದಿದ್ದರೆ ಕೈಗೆ ಪ್ಲಾಸ್ಟಿಕ್ ಚೀಲ ಸುತ್ತಿಕೊಂಡು ಸೋಪು, ಧಾರಾಳ ನೀರು ಹಾಕಿ ತೊಳೆಯಿರಿ, ನೆಕ್ಕಲು ಬಿಡಬೇಡಿ. ತಿಂದಿದ್ದರೆ ಬಾಯಿಗೆ ಏನೂ ಸುರಿಯಬೇಡಿ. ಡಬ್ಬಿಯನ್ನು ಜೊತೆಗೇ ಒಯ್ಯಿರಿ. ಅದರ ಮೇಲಿನ ಔಷಧದ ಹೆಸರು ನೋಡಿಯೇ ಡಾಕ್ಟರು ಅಟ್ರೋಪಿನ್ ಬೇಕೋ, ವಿಟಮಿನ್ ಕೆ1 ಬೇಕೋ ಹೇಳುವುದು. ಬ್ರೋಮಾಡಯೋಲೋನ್ ಇಲಿಬಿಲ್ಲೆ ತಿಂದ ನಾಯಿ ಎರಡು ಮೂರು ದಿನ ಆರಾಮಾಗೇ ಓಡಾಡಿ ಆಮೇಲೆ ರಕ್ತ ಸೋರಿ ಸಾಯಬಹುದು. "ಏನೂ ಆಗಿಲ್ಲ" ಅಂತ ಕೂರಬೇಡಿ.

ನಾವು ಅದನ್ನು 'ದನದ ದವಾಖಾನೆ' ಅಂತ ಕರೆದರೂ ಅಲ್ಲಿ ನಾಯಿಯನ್ನೂ ನೋಡುತ್ತಾರೆ. 1962ಕ್ಕೆ ಫೋನ್ ಮಾಡಿದರೂ ಆದೀತು.

ಫಿನಾಯಿಲನ್ನು, ಬಿಡಿ 'ಎಣ್ಣೆ'ಯನ್ನು ತಂಪು ಪಾನೀಯದ ಬಾಟಲಿಗೆ ಹುಯ್ದಿಡುವ ಮನೆಗಳಿಗೂ ಒಂದು ಮಾತು: ಹೆಸರಿಲ್ಲದ ಬಾಟಲಿ ನೋಡಿ ಡಾಕ್ಟರೇನು ಕಣಿ ಹೇಳಬೇಕೇ? ಇವತ್ತು ನಾಯಿ, ನಾಳೆ ಅದೇ ಬಾಟಲಿ ಮಗುವಿನ ಕೈಗೆ ಸಿಕ್ಕರೆ?

ಏನಂತೀರಿ?