ಮನೆಯ ಖರೀದಿಯೂ ಊರ ವಕೀಲನೂ

ಮಗಳಿಗೆ ವರನನ್ನು ನೋಡುವಾಗ ನಮ್ಮ ಜನರು ಮೂರು ತಲೆಮಾರು ವಿಚಾರಿಸುತ್ತಾರೆ. ಎತ್ತು ಕೊಳ್ಳುವ ರೈತನು ಸಂತೆಯಲ್ಲಿ ಅದರ ಹಲ್ಲು ಎಣಿಸಿ, ಸುಳಿ ನೋಡಿ, ನಾಲ್ಕು ಹೆಜ್ಜೆ ನಡೆಯಿಸಿ, ಆಮೇಲೆ ವಸ್ತ್ರದ ಮರೆಯಲ್ಲಿ ಕೈ ಹಿಡಿದು ಬೆಲೆ ಕುದುರಿಸುತ್ತಾನೆ. ಆದರೆ ಮೂವತ್ತು ವರುಷ ಸಾಲೆಯಲ್ಲಿ ಕಲಿಸಿ ಕೂಡಿಸಿದ ಹಣಕ್ಕೆ ಬ್ಯಾಂಕಿನ ಸಾಲವನ್ನೂ ಸೇರಿಸಿ ಮನೆ ಕೊಳ್ಳಹೊರಟ ಸುಶಿಕ್ಷಿತ ಗೃಹಸ್ಥನು, ಬಾಗಿಲು ಕಿಟಕಿಗಳನ್ನೂ ಭಾವಿಯ ನೀರನ್ನೂ ನೋಡಿ ಸಂತುಷ್ಟನಾಗಿ, ಮಾರುವವನಿಗೆ ಮಾರುವ ಹಕ್ಕುಂಟೋ ಇಲ್ಲವೋ ಎಂಬ ಮುಖ್ಯ ಸಂಗತಿಯನ್ನು ಮಾತ್ರ ದಲಾಲಿಯು ಕರೆತಂದ ವಕೀಲನ ಕೈಗೆ ಒಪ್ಪಿಸಿ ಬಿಡುತ್ತಾನೆ. ಆ ವಕೀಲನು ಯಾವ ಊರಿನವನು, ಯಾರ ಹಣದಿಂದ ಕೆಲಸ ಮಾಡುವವನು, ಯಾವ ಕಾಗದಗಳನ್ನು ಓದಿದನು ಎಂಬದನ್ನು ಕೇಳುವವರು ವಿರಳ. ನಾವು ವಕೀಲಿ ವೃತ್ತಿಯವರೇ ಆಗಿದ್ದು, ನಮ್ಮವರ ಗಿರಾಕಿಗಳನ್ನು ಹೆಚ್ಚಿಸುವದಕ್ಕೆ ಇದನ್ನು ಬರೆಯುತ್ತಿದ್ದೇವೆಂದು ಯಾರಾದರೂ ಅಂದರೆ ಅನ್ನಲಿ. ವೃತ್ತಿಯ ಒಳಗನ್ನು ಕಂಡವರೇ ಅದರ ಒಳಿತು ಕೆಡುಕುಗಳನ್ನು ಹೇಳಬೇಕಷ್ಟೆ.

ಮೊದಲು ಒಂದು ಭ್ರಮೆಯನ್ನು ದೂರ ಮಾಡಬೇಕಾಗಿದೆ. ಖರೀದಿ ಪತ್ರವು ನೋಂದಣಿಯಾಯಿತೆಂದರೆ ಮನೆಯು ತನ್ನದಾಯಿತೆಂದೂ, ಸರಕಾರವೇ ಮುದ್ರೆ ಹಾಕಿದ ಮೇಲೆ ಇನ್ನು ಭಯವೇನೆಂದೂ ಬಹುಜನರು ತಿಳಿದಿದ್ದಾರೆ. ಇಂಗ್ಲಂಡಿನಲ್ಲಿ ಈ ಮಾತಿಗೆ ಅರ್ಥವುಂಟು. ಅಲ್ಲಿ ಭೂನೋಂದಣಿ ಇಲಾಖೆಯು ಒಡೆತನವನ್ನೇ ನೋಂದಿಸಿಕೊಂಡು ಅದಕ್ಕೆ ಸರಕಾರದ ಹೊಣೆಯನ್ನು ಕೊಡುತ್ತದೆ. ಕೊಳ್ಳುವವನ ಪರವಾಗಿ ಕಾಗದಗಳನ್ನು ನೋಡುವದೇ ಕಸಬಾಗಿ ಉಳ್ಳ ಸಾಲಿಸಿಟರರೂ ಇದ್ದಾರೆ. ನಮ್ಮಲ್ಲಿ 1908ರ ನೋಂದಣಿ ಕಾಯದೆಯು ದಸ್ತೈವಜನ್ನು ನೋಂದಿಸುತ್ತದೆಯೇ ಹೊರತು ಹಕ್ಕನ್ನಲ್ಲ. ಬರೆದುಕೊಟ್ಟವನು ಇವನೇ ಹೌದೋ, ಬರೆದುದು ನಿಜವೋ, ಮುದ್ರಾಂಕ ಸರಿಯೋ ಎಂದು ಸಬ್-ರಜಿಸ್ಟ್ರಾರರು ನೋಡುತ್ತಾರೆ. ಬರೆದುಕೊಡಲು ಅವನಿಗೆ ಅಧಿಕಾರವಿತ್ತೋ ಎಂಬದನ್ನು ತೀರ್ಮಾನಿಸುವದು ಅವರ ಕೆಲಸವಲ್ಲ. ಮಾರುವವನು ತನ್ನ ಹಕ್ಕನ್ನು ತೋರಿಸದಿದ್ದರೆ ಪತ್ರವನ್ನು ತಿರಸ್ಕರಿಸಬಹುದೆಂದು ತಮಿಳುನಾಡಿನ ಸರಕಾರವು ಮಾಡಿದ್ದ ನಿಯಮವನ್ನು ಸರ್ವೋಚ್ಚ ನ್ಯಾಯಾಲಯವು 2025ರಲ್ಲಿ ರದ್ದುಪಡಿಸಿದ್ದು ಇದೇ ಕಾರಣದಿಂದ. ಆದುದರಿಂದ ಹಕ್ಕನ್ನು ಪರೀಕ್ಷಿಸುವ ಸಮಸ್ತ ಭಾರವೂ ಕೊಳ್ಳುವವನ ತಲೆಯ ಮೇಲೆಯೇ ಇದೆ.

ಋಣಭಾರ ಪತ್ರವನ್ನು ತೆಗೆಸಿದ್ದೇವಲ್ಲ, ಖಾತೆಯು ಅವನ ಹೆಸರಿನಲ್ಲೇ ಇದೆಯಲ್ಲ ಎಂದು ಕೆಲವರು ಕೇಳುವರು. ಕಾವೇರಿ ತಂತ್ರಾಂಶದಲ್ಲಿ 2004ರ ಏಪ್ರಿಲ್ ತಿಂಗಳಿಂದೀಚಿನ ಋಣಭಾರ ಪತ್ರವನ್ನು ಮನೆಯಲ್ಲಿ ಕುಳಿತೇ ತೆಗೆಯಬಹುದೆಂಬದು ನಿಜ. ಅದು ಉಪಕಾರದ ಸಂಗತಿಯೇ ಸರಿ. ಆದರೆ ಆ ಪತ್ರದಲ್ಲಿ ಕಾಣುವದು ನೋಂದಣಿಯಾದ ವ್ಯವಹಾರ ಮಾತ್ರ. ಮೃತ್ಯುಪತ್ರವನ್ನು ನೋಂದಿಸಲೇಬೇಕೆಂಬ ಕಟ್ಟಳೆಯಿಲ್ಲ. ಪೆಟ್ಟಿಗೆಯಲ್ಲಿಟ್ಟ ಮೃತ್ಯುಪತ್ರವು ಅದರಲ್ಲಿ ಕಾಣದು. ಅಣ್ಣತಮ್ಮಂದಿರು ಹಿರಿಯರ ಮುಂದೆ ಬಾಯಿಮಾತಿನಿಂದ ಮಾಡಿಕೊಂಡ ವಾಟಣಿಯು ಕಾಣದು. ದಿವಾಣಿ ನ್ಯಾಯಾಲಯದಲ್ಲಿ ನಡೆದಿರುವ ದಾವೆಯು ಬಹುತರವಾಗಿ ಕಾಣದು. ಆದರೂ 1882ರ ಸ್ವತ್ತು ವರ್ಗಾವಣೆ ಕಾಯದೆಯ 52ನೆಯ ಕಲಮಿನಂತೆ ದಾವೆಯ ನಡುವೆ ಕೊಂಡವನು ಅದರ ತೀರ್ಪಿಗೆ ತಲೆಬಾಗಲೇಬೇಕು. ಇನ್ನು ಖಾತೆ. ಕರ ಯಾರಿಂದ ವಸೂಲಾಗತಕ್ಕದ್ದೆಂದು ಪೌರಸಭೆಯವರು ಬರೆದುಕೊಂಡ ಲೆಕ್ಕವದು. 2024ರ ಅಕ್ಟೋಬರದಿಂದ ನೋಂದಣಿಗೆ ಇ-ಖಾತೆಯು ಬೇಕೇ ಬೇಕೆಂದಾಗಿರುವದರಿಂದ ಸುಳ್ಳು ಖಾತೆಗಳ ಹಾವಳಿಯು ತಗ್ಗೀತು; ಆದರೆ ಕಂಪ್ಯೂಟರಿನಲ್ಲಿ ಏರಿದ ಮಾತ್ರಕ್ಕೆ ಖಾತೆಯು ಹಕ್ಕುಪತ್ರವಾಗಲಾರದು.

ದಾವಣಗೆರೆಯ ಶಾಮನೂರಿನ ಎರಡು ನಿವೇಶನಗಳ ವ್ಯಾಜ್ಯವನ್ನು ಇಲ್ಲಿ ನೆನೆಯಬೇಕು. ತಂದೆಯೊಬ್ಬನು 1971ರಲ್ಲಿ ಅಪ್ರಾಪ್ತ ವಯಸ್ಸಿನ ತನ್ನ ಮಕ್ಕಳ ಹೆಸರಿನಿಂದ ಆ ನಿವೇಶನಗಳನ್ನು ಕೊಂಡನು. ಮುಂದೆ ನ್ಯಾಯಾಲಯದ ಅಪ್ಪಣೆಯಿಲ್ಲದೆ ಅವುಗಳನ್ನು ಮಾರಿಬಿಟ್ಟನು. ಮಕ್ಕಳು ಪ್ರಾಯಕ್ಕೆ ಬಂದು, ತಂದೆಯ ಮಾರಾಟವನ್ನು ಲೆಕ್ಕಕ್ಕೇ ಇಡದೆ, ಬೇರೊಬ್ಬರಿಗೆ ಮಾರಿಕೊಟ್ಟರು. ತಂದೆಯಿಂದ ಬಂದ ಹಕ್ಕನ್ನು ನಂಬಿ ಕೊಂಡವರ ಕೈಯಲ್ಲಿಯೂ ನೋಂದಣಿಯಾದ ಪತ್ರವಿತ್ತು. ಆದರೆ ಸರ್ವೋಚ್ಚ ನ್ಯಾಯಾಲಯವು 2025ರ ಅಕ್ಟೋಬರದಲ್ಲಿ, ಇಂಥ ಮಾರಾಟವನ್ನು ಮಕ್ಕಳು ದಾವೆ ಹೂಡಿಯೇ ರದ್ದುಪಡಿಸಬೇಕೆಂದಿಲ್ಲ, ತಕ್ಕ ಕಾಲದಲ್ಲಿ ಸ್ಪಷ್ಟವಾದ ನಡತೆಯಿಂದಲೂ ನಿರಾಕರಿಸಬಹುದೆಂದು ತೀರ್ಮಾನಿಸಿತು. 1956ರ ಹಿಂದೂ ಅಪ್ರಾಪ್ತ ವಯಸ್ಕರ ಕಾಯದೆಯ 8ನೆಯ ಕಲಮನ್ನು ಓದಿದ ವಕೀಲನೊಬ್ಬನು ಹಳೆಯ ಪತ್ರವನ್ನು ಬಿಡಿಸಿ ಅರ್ಧ ಗಂಟೆ ನೋಡಿದ್ದರೆ, ಮಕ್ಕಳ ಹೆಸರೂ ವಯಸ್ಸೂ ಅಲ್ಲಿಯೇ ಕಣ್ಣಿಗೆ ಬೀಳುತ್ತಿದ್ದವು. ಆ ಅರ್ಧ ಗಂಟೆಯ ಕೊರತೆಯಿಂದ ಐವತ್ತು ವರುಷಗಳ ಮೇಲೆ ವ್ಯಾಜ್ಯವು ದಿಲ್ಲಿಯವರೆಗೆ ಮುಟ್ಟಿತು.

ಇಷ್ಟಾದರೆ ಒಳ್ಳೆಯ ವಕೀಲನು ಸಾಕಷ್ಟೆ, ಅವನು ಆ ಊರಿನವನೇ ಯಾಕಾಗಬೇಕು? ನಮ್ಮ ನಾಡಿನಲ್ಲಿ ಈ ಪ್ರಶ್ನೆಗೆ ಉತ್ತರವು ನಮ್ಮ ಇತಿಹಾಸದಲ್ಲಿಯೇ ಇದೆ. 1956ರ ನವೆಂಬರ 1ರಂದು ಕನ್ನಡ ನಾಡು ಒಂದಾಯಿತು. 1964ರಲ್ಲಿ ಭೂಕಂದಾಯದ ಕಾಯದೆಯೂ ಒಂದಾಯಿತು. ಜನರು ಕೂಡಿದರು, ಕಾಯದೆಗಳು ಕೂಡಿದವು. ಆದರೆ ದಫ್ತರಖಾನೆಗಳ ಕಪಾಟಿನಲ್ಲಿಯ ಕಾಗದಗಳು ಇನ್ನೂ ಐದು ಆಡಳಿತಗಳ ಐದು ನುಡಿಗಳನ್ನು ಆಡುತ್ತಿವೆ. ಬೆಳಗಾವಿಯ ಕಡೆಯ ಹಳೆಯ ದಸ್ತೈವಜುಗಳನ್ನು ಬಿಚ್ಚಿದರೆ ಮೋಡಿ ಲಿಪಿಯು ಎದುರಾಗುತ್ತದೆ. ಹುಬ್ಬಳ್ಳಿ-ಧಾರವಾಡಗಳಲ್ಲಿ ಸಿಟಿ ಸರ್ವೇಯ ಉತಾರವನ್ನು ನೋಡದೆ ಯಾರೂ ಮನೆಯ ಮಾತನ್ನೇ ಎತ್ತುವದಿಲ್ಲ. ಕಲಬುರ್ಗಿ, ಬೀದರ, ರಾಯಚೂರುಗಳಲ್ಲಿ ನಿಜಾಮನ ಕಾಲದ ಕಾಗದವು ಉರ್ದುವಿನಲ್ಲಿದೆ. ಮಂಗಳೂರಿನ ಕಡೆಗೆ ಹೋದರೆ, ತಲೆಮಾರುಗಳಿಂದ ಒಂದೇ ಮನೆತನವು ಬಾಳಿದ ಮನೆಯ ನೆಲವು ಮೂಲಗೇಣಿಯದಾಗಿರಬಹುದು, ಅಂದರೆ ನೆಲಕ್ಕೆ ಬೇರೊಬ್ಬ ಮೂಲಿದಾರನಿರಬಹುದು. ಅಳಿಯಸಂತಾನದ ಕುಟುಂಬವಾದರೆ ಹಕ್ಕು ತಾಯಿಯ ಕಡೆಯಿಂದ ಇಳಿದು ಬಂದಿರುತ್ತದೆ. ಕೊಡಗಿನ ಜಮ್ಮಾ ಭೂಮಿಯಲ್ಲಿ ಪಟ್ಟೇದಾರನೊಬ್ಬನ ಹೆಸರು ಮುಂದಿದ್ದರೂ ಅದರ ಹಿಂದೆ ಇಡೀ ಮನೆತನವೇ ನಿಂತಿದೆ. ಹಳೆಯ ಮೈಸೂರಿನಲ್ಲಿ ಇನಾಮಿನ ನೆಲವೋ, 1954 ಮತ್ತು 1955ರ ಇನಾಮು ರದ್ದಿಯಾತಿ ಕಾಯದೆಗಳಂತೆ ಅದು ಯಾರ ಪಾಲಿಗೆ ಬಂದಿತೋ ಎಂದು ಕೇಳಬೇಕು. ಬೆಂಗಳೂರಿನ ಎತ್ತರದ ಕಟ್ಟಡದಲ್ಲಿ ಕುಳಿತ ಪ್ರಚಂಡ ವಕೀಲನು ನಿಪುಣನೇ ಇರಬಹುದು. ಪುತ್ತೂರಿನ ಅಡಂಗಲನ್ನೋ ಚಿಕ್ಕೋಡಿಯ ವತನದ ಕಾಗದವನ್ನೋ ಅವನ ಮುಂದಿಟ್ಟರೆ ಅವನು ಆ ಊರಿನ ವಕೀಲನಿಗೆ ದೂರವಾಣಿ ಮಾಡಿ ಕೇಳುವನು. ನಾವೇ ನೇರವಾಗಿ ಕೇಳಬಾರದೆಂದು ಯಾರು ಹೇಳಿದರು?

ಊರು ದೊಡ್ಡದಾಗುತ್ತ ಹೋದಂತೆ ಅಂಚಿನ ಹೊಲಗಳು ನಿವೇಶನಗಳಾಗುತ್ತವೆ. ಆ ಹೊಲದ ಕತೆಯನ್ನು ಕಾಗದಕ್ಕಿಂತ ಹೆಚ್ಚಾಗಿ ಊರು ಬಲ್ಲದು. ಅದು ಬಿನ್‌ಶೇತ್ಕಿಯಾಯಿತೇ, ಗೇಣಿದಾರನೊಬ್ಬನು ಭೂನ್ಯಾಯ ಮಂಡಳಿಗೆ ಕೊಟ್ಟ ಅರ್ಜಿಯು ಇನ್ನೂ ಜೀವಂತವಾಗಿದೆಯೇ, ಪರಿಶಿಷ್ಟ ಜಾತಿಯ ಬಡವನಿಗೆ ಸರಕಾರವು ಮಂಜೂರು ಮಾಡಿದ ಭೂಮಿಯೇ ಎಂಬ ಪ್ರಶ್ನೆಗಳು ಇಲ್ಲಿ ಪ್ರಾಣಪ್ರಾಯವಾದವು. ಕೊನೆಯದನ್ನು ಕುರಿತು 1978ರ ಕಾಯದೆಯುಂಟು. ಅಪ್ಪಣೆಯಿಲ್ಲದ ಮಾರಾಟವು ಅದರಂತೆ ನಿರರ್ಥಕ, ಮತ್ತು 2023ರ ತಿದ್ದುಪಡಿಯು ಅರ್ಜಿಗೆ ಕಾಲಮಿತಿಯ ಅಡ್ಡಿಯಿಲ್ಲವೆಂದು ಬರೆದಿದೆ. ಈ ಕಾಯದೆಯನ್ನು ಹಳಿಯುವ ನಿವೇಶನ ವ್ಯಾಪಾರಿಗಳ ಮಾತಿಗೆ ನಾವು ಕೂಡುವದಿಲ್ಲ. ದೀನನ ನೆಲವನ್ನು ನಾಲ್ಕು ಕಾಸಿಗೆ ಬರೆಯಿಸಿಕೊಂಡವನ ತಪ್ಪಿಗೆ ಕಾಯದೆಯು ಹೊಣೆಯಲ್ಲ. ಆದರೆ ಆ ತಪ್ಪಿನ ಫಲವನ್ನು ಕಟ್ಟಕಡೆಗೆ ಉಣ್ಣುವವನು, ಏನೂ ಅರಿಯದೆ ಅಲ್ಲಿ ಮನೆ ಕಟ್ಟಿದ ಮಾಸ್ತರನು.

ಹೆಣ್ಣುಮಕ್ಕಳ ಹಕ್ಕಿನ ಸಂಗತಿಯೂ ಹೀಗೆಯೇ. ಪಿತ್ರಾರ್ಜಿತ ಮನೆಯನ್ನು ತಂದೆಯೂ ಗಂಡುಮಕ್ಕಳೂ ಸಹಿ ಮಾಡಿ ಮಾರುತ್ತಾರೆ. ಪುಣೆಯಲ್ಲಿರುವ ಮಗಳ ಹೆಸರು ವಂಶಾವಳಿಯಿಂದ ಮೆಲ್ಲಗೆ ಜಾರಿಹೋಗಿರುತ್ತದೆ. ನಮ್ಮ ರಾಜ್ಯವು 1994ರಲ್ಲಿಯೇ, ಇಡೀ ದೇಶವು 2005ರಲ್ಲಿ, ಮಗಳಿಗೆ ಮಗನಂತೆ ಹುಟ್ಟಿನಿಂದಲೇ ಪಾಲುಂಟೆಂದು ಕಾಯದೆ ಮಾಡಿದವು. ಅದಕ್ಕೆ ತಂದೆಯು ಅಂದು ಬದುಕಿರಬೇಕಾದ ಕಾರಣವಿಲ್ಲವೆಂದು 2020ರಲ್ಲಿ ಸರ್ವೋಚ್ಚ ನ್ಯಾಯಾಲಯವು ಸ್ಪಷ್ಟಪಡಿಸಿತು. ವಂಶಾವಳಿಯ ಕಾಗದದಲ್ಲಿ ಬಿಟ್ಟುಹೋದ ಮಗಳನ್ನು ಪರವೂರಿನ ವಕೀಲನು ಹೇಗೆ ಕಂಡಾನು? ಅದೇ ಓಣಿಯಲ್ಲಿ ಬೆಳೆದವನಾದರೆ, ‘ಇವರ ಹಿರಿಯ ಮಗಳ ಮದುವೆಯ ಊಟವನ್ನು ನಾನೇ ಉಂಡಿದ್ದೇನೆ, ಅವಳ ಸಹಿ ಎಲ್ಲಿ?’ ಎಂದು ಕೂಡಲೇ ಕೇಳುವನು.

ಇನ್ನು ಮುಖ್ಯವಾದ ಮಾತು: ವಕೀಲನು ಯಾರವನು? ಬ್ಯಾಂಕಿನವರು ತಮ್ಮ ವಕೀಲರಿಂದ ಕಾಗದ ನೋಡಿಸಿ ಸಾಲ ಕೊಟ್ಟಿದ್ದಾರೆ, ಅಂದ ಮೇಲೆ ಹಕ್ಕು ಶುದ್ಧವಾಗಿಯೇ ಇರಬೇಕೆಂಬದು ಪಟ್ಟಣಗಳಲ್ಲಿ ಹಬ್ಬಿರುವ ಮಾತು. ಆ ವಕೀಲನ ಶುಲ್ಕವನ್ನು ಬಹುತರವಾಗಿ ನೀವೇ ತೆರುತ್ತೀರಿ, ಆದರೆ ಅವನು ಬರೆಯುವ ಅಭಿಪ್ರಾಯವು ಬ್ಯಾಂಕಿಗೆ ಬರೆದದ್ದು. ಬ್ಯಾಂಕಿಗೆ ಬೇಕಾದದ್ದು ತನ್ನ ಸಾಲಕ್ಕೆ ಭದ್ರತೆ. ನಾಳೆ ಹಕ್ಕು ಕೆಟ್ಟು ಮನೆ ಕೈಬಿಟ್ಟರೂ ಸಾಲದ ಕಂತು ನಿಮ್ಮನ್ನು ಬಿಡದು. ಮಾರುವವನ ವಕೀಲನನ್ನೇ ತನ್ನ ವಕೀಲನನ್ನಾಗಿ ಮಾಡಿಕೊಂಡು ಶುಲ್ಕವನ್ನು ಉಳಿಸುವ ಜಾಣರೂ ಇದ್ದಾರೆ. ಎರಡೂ ಪಕ್ಷಕ್ಕೆ ಒಬ್ಬನೇ ಪುರೋಹಿತನಾದರೆ ಮದುವೆಯು ಸಾಂಗವಾದೀತು, ಖರೀದಿಯು ಆಗಲಾರದು. ದಲಾಲಿಯು ಸೂಚಿಸುವ ವಕೀಲನಂತೂ ಬೇಡವೇ ಬೇಡ. ವ್ಯವಹಾರವು ಮುರಿದರೆ ದಲಾಲಿಯು ಹಣ ಕಳೆದುಕೊಳ್ಳುತ್ತಾನೆ. ವ್ಯವಹಾರವನ್ನು ಮುರಿಯುವ ವಕೀಲನನ್ನು ಅವನು ಎರಡನೆಯ ಸಲ ಕರೆಯಲಾರನು. ಒಳ್ಳೆಯ ವಕೀಲನ ಲಕ್ಷಣವಾದರೋ, ಅವನು ಒಮ್ಮೊಮ್ಮೆ ‘ಈ ಮನೆ ಬೇಡ’ ಎಂದು ಹೇಳಿರಬೇಕು. ಹೀಗೆ ಯಾರಿಗಾದರೂ ಹೇಳಿದ್ದುಂಟೇ ಎಂದು ಅವನನ್ನೇ ಸಂಕೋಚವಿಲ್ಲದೆ ಕೇಳಿರಿ.

ಊರ ವಕೀಲನಲ್ಲಿ ದೋಷವೇ ಇಲ್ಲವೆಂದು ನಾವು ಹೇಳುವದಿಲ್ಲ. ಊರನ್ನು ಬಲ್ಲವನಿಗೆ ಊರವರ ದಾಕ್ಷಿಣ್ಯವೂ ಉಂಟು. ಮಾರುವವನು ಅವನ ಬೀಗನೋ, ಹಳೆಯ ಕಕ್ಷಿದಾರನೋ ಆಗಿರಬಹುದು. ಅದನ್ನು ಮೊದಲ ದಿನವೇ ಕೇಳಿ ತಿಳಿದು, ಹಾಗಿದ್ದರೆ ಅದೇ ಊರಿನ ಇನ್ನೊಬ್ಬನನ್ನು ಹಿಡಿಯಬೇಕು. ದೊಡ್ಡ ನಗರದಲ್ಲಿ ಕಟ್ಟಡದಾರನಿಂದ ಹೊಸ ಫ್ಲ್ಯಾಟನ್ನು ಕೊಳ್ಳುವವರಿಗೆ 2016ರ ಸ್ಥಿರಾಸ್ತಿ ನಿಯಂತ್ರಣ ಕಾಯದೆಯು ಸ್ವಲ್ಪ ಆಸರೆಯನ್ನು ಕೊಟ್ಟಿದೆ. ನೆಲದ ಹಕ್ಕಿನ ದೋಷದಿಂದಾದ ನಷ್ಟವನ್ನು ಕಟ್ಟಡದಾರನು ತುಂಬಿಕೊಡಬೇಕೆಂದೂ ಅದಕ್ಕೆ ಕಾಲಮಿತಿಯ ನೆಪವು ಸಲ್ಲದೆಂದೂ ಅದರ 18ನೆಯ ಕಲಮು ಹೇಳುತ್ತದೆ. ಅಂಥಲ್ಲಿ ಊರಿನ ನಂಟು ಅಷ್ಟು ಅವಶ್ಯವಲ್ಲ. ಹಳೆಯ ಮನೆ, ಹಳೆಯ ಓಣಿ, ಊರಂಚಿನ ನಿವೇಶನ, ಇವೇ ನಮ್ಮ ಚಿಂತೆಯ ವಿಷಯ.

ಹೇಗೆ ಆರಿಸಬೇಕು? ವಕೀಲರು ತಮ್ಮನ್ನು ತಾವು ಜಾಹೀರು ಮಾಡಿಕೊಳ್ಳಬಾರದೆಂದು ವಕೀಲರ ಪರಿಷತ್ತಿನ ನಿಯಮವಿದೆ. ಆದುದರಿಂದ ಫಲಕ ದೊಡ್ಡದಿದ್ದವನೇ ದೊಡ್ಡ ವಕೀಲನೆಂದು ತಿಳಿಯಬೇಡಿರಿ. ಕಳೆದ ಐದಾರು ವರುಷಗಳಲ್ಲಿ ಅದೇ ಬಡಾವಣೆಯಲ್ಲಿ ಮನೆ ಕೊಂಡವರನ್ನು ಕೇಳಿರಿ. ಕೊಲೆಯ ಖಟ್ಲೆಗಳಲ್ಲಿ ಹೆಸರು ಗಳಿಸಿದವನಿಗಿಂತ, ವಾಟಣಿಯ ದಾವೆಗಳನ್ನು ನಡೆಯಿಸಿ ನಡೆಯಿಸಿ ಕೂದಲು ನೆರೆತವನು ಈ ಕೆಲಸಕ್ಕೆ ಉತ್ತಮ. ಹಕ್ಕು ಎಲ್ಲೆಲ್ಲಿ ಒಡೆಯುತ್ತದೆಂಬದನ್ನು ಅವನು ದಿನಾಲು ನೋಡುತ್ತಿರುತ್ತಾನೆ. ಪತ್ರ ಬರಹಗಾರನು ಒಕ್ಕಣೆಯಲ್ಲಿ ಜಾಣನಿರಬಹುದು, ಅವನಿಂದ ಬರೆಯಿಸಿರಿ; ಹಕ್ಕಿನ ಪರೀಕ್ಷೆಯನ್ನು ಮಾತ್ರ ಅವನಿಗೆ ಬಿಡಬೇಡಿರಿ. ಕನಿಷ್ಠ ಮೂವತ್ತು ವರುಷಗಳ ಕಾಗದವನ್ನು ನೋಡುವೆನೆಂದು ವಕೀಲನು ಒಪ್ಪಬೇಕು. ಖಾಸಗಿಯವನು ಸ್ವತ್ತಿಗಾಗಿ ಹೂಡುವ ದಾವೆಗೆ ಹನ್ನೆರಡು ವರುಷದ ಮಿತಿಯಾದರೆ ಸರಕಾರಕ್ಕೆ 1963ರ ಕಾಲಮಿತಿಯ ಕಾಯದೆಯು ಮೂವತ್ತು ವರುಷ ಕೊಟ್ಟಿರುವದರಿಂದ ಈ ಲೆಕ್ಕವು ಬಂದಿದೆ. ಮತ್ತು ಅವನ ಅಭಿಪ್ರಾಯವು ಬರವಣಿಗೆಯಲ್ಲಿರಬೇಕು; ತಾನು ನೋಡಿದ ಮೂಲಪತ್ರಗಳಾವವು, ಬರೇ ನಕಲನ್ನು ಕಂಡದ್ದಾವದು ಎಂದು ಅದರಲ್ಲಿ ಬೇರೆ ಬೇರೆಯಾಗಿ ನಮೂದಿಸಿರಬೇಕು. ‘ಎಲ್ಲ ಸರಿಯಾಗಿದೆ, ನಾನಿದ್ದೇನೆ’ ಎಂಬ ಬಾಯಿಮಾತನ್ನು ಕೇಳಿ ಎದ್ದು ಬರುವದು ನಮ್ಮವರ ದಾಕ್ಷಿಣ್ಯದ ದೋಷ.

ಶುಲ್ಕದ ಮಾತಿಗೆ ಹಲವರು ಹಿಂಜರಿಯುತ್ತಾರೆ. ಐವತ್ತು ಲಕ್ಷದ ಮನೆಗೆ ಮುದ್ರಾಂಕವೇ ಶೇಕಡಾ 5ರಂತೆ ಎರಡೂವರೆ ಲಕ್ಷ. ನೋಂದಣಿಯ ಶುಲ್ಕವು 2025ರ ಆಗಸ್ಟ 31ರಿಂದ ಶೇಕಡಾ 1ರಿಂದ 2ಕ್ಕೆ ಏರಿರುವದರಿಂದ ಮತ್ತೊಂದು ಲಕ್ಷ. ಅದರ ಮೇಲೆ ಉಪಕರಗಳು. ದಲಾಲಿಗೆ ಕೊಡುವದು ಬೇರೆ. ಇಷ್ಟನ್ನೆಲ್ಲ ಮರುಮಾತಿಲ್ಲದೆ ಎಣಿಸಿ ಕೊಡುವ ಗೃಹಸ್ಥನು, ಹಕ್ಕು ನೋಡುವವನ ಹತ್ತಿರ ಮಾತ್ರ ಸಾವಿರ ರೂಪಾಯಿಗೆ ಚೌಕಾಶಿ ಮಾಡುತ್ತಾನೆ! ಶುಲ್ಕವನ್ನು ಮೊದಲೇ ಗೊತ್ತು ಮಾಡಿಕೊಳ್ಳಿರಿ, ಖರೀದಿಯು ನಡೆದರೂ ಮುರಿದರೂ ಅಷ್ಟೇ ಎಂದು ಗೊತ್ತು ಮಾಡಿಕೊಳ್ಳಿರಿ. ಆಗ ‘ಬೇಡ’ ಎಂದು ಹೇಳುವದಕ್ಕೆ ಅವನ ನಾಲಿಗೆಗೆ ಅಡ್ಡಿಯಿರದು.

ಇದೆಲ್ಲವೂ ಸಂಚಕಾರ ಕೊಡುವದಕ್ಕೆ ಮೊದಲು ಆಗಬೇಕು. ನೆರೆಯವನು ಕೊಂಡುಬಿಟ್ಟಾನೆಂಬ ಹೆದರಿಕೆಯಿಂದ ಮೊದಲು ಐದು ಲಕ್ಷ ಕೊಟ್ಟು, ಆಮೇಲೆ ಕಾಗದಗಳ ಚೀಲವನ್ನು ಹೊತ್ತು ವಕೀಲನ ಕಡೆಗೆ ಬರುವದು ಇಂದಿನ ರೂಢಿ. ಸಂಚಕಾರ ಕೊಡಲೇಬೇಕಾದ ಪ್ರಸಂಗ ಬಂದರೆ, ಹಕ್ಕಿನಲ್ಲಿ ದೋಷ ಕಂಡಲ್ಲಿ ಇಷ್ಟು ದಿನಗಳೊಳಗೆ ಹಣವನ್ನು ಪೂರ್ತಿಯಾಗಿ ಹಿಂದಿರುಗಿಸತಕ್ಕದ್ದೆಂಬ ಒಂದು ಸಾಲನ್ನು ಕರಾರು ಪತ್ರದಲ್ಲಿ ಸೇರಿಸಿಯೇ ಕೊಡಿರಿ. ಆ ಸಾಲಿಗೆ ಮಾರುವವನು ಒಪ್ಪದಿದ್ದರೆ ಹಣವನ್ನು ಜೇಬಿನಿಂದ ತೆಗೆಯಬೇಡಿರಿ.